ನೋಡುವ ಸಮಾಜ, ಆಡುವ ಗೋಷ್ಠಿ

‘ಸಮಾಜ’ ಎಂಬ ಪದಕ್ಕೆ ಇಂದು ಕನ್ನಡದಲ್ಲಿ ರೂಢವಾಗಿರುವುದು ಜನಸಮುದಾಯ ಎಂಬ ವಿಶಾಲವಾದ ಅರ್ಥ. ಸಮಾಜಶಾಸ್ತ್ರ, ಸಮಾಜಸೇವೆ, ಸಮಾಜವಾದ ಎಂಬ ಪದಗಳೆಲ್ಲ ಆ ಅರ್ಥದ ಮೇಲೆಯೇ ನಿಂತಿವೆ. ಆದರೆ ಪ್ರಾಚೀನ ಭಾರತದಲ್ಲಿ ಈ ಪದಕ್ಕೆ ಇನ್ನಷ್ಟು ಸೀಮಿತವಾದ, ಇನ್ನಷ್ಟು ಮೂರ್ತವಾದ ಅರ್ಥವೊಂದಿತ್ತು. ಜನರು ಒಂದೆಡೆ ನೆರೆದು ಆಟವನ್ನೋ ಕುಣಿತವನ್ನೋ ನಾಟಕವನ್ನೋ ನೋಡುವುದೇ ಸಮಾಜ. ಅಶೋಕನ ಮೊದಲನೆಯ ಬಂಡೆಶಾಸನವು ಪ್ರಾಣಿವಧೆಯನ್ನು ನಿಷೇಧಿಸುವ ಜೊತೆಗೆ ಸಮಾಜಗಳನ್ನೂ ನಿಷೇಧಿಸುತ್ತದೆ. ಅರಸನಿಗೆ ಅವುಗಳಲ್ಲಿ ಬಹಳ ದೋಷ ಕಾಣುತ್ತದೆ. ಆದರೂ ಒಳ್ಳೆಯವೆನ್ನಬಹುದಾದ ಕೆಲವು ಸಮಾಜಗಳು ಉಂಟೆಂದು ಅದೇ ಶಾಸನ ಒಪ್ಪಿಕೊಳ್ಳುತ್ತದೆ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಗರವಾಸಿಯ ದಿನಚರಿಯನ್ನು ಹೇಳುವ ಪ್ರಕರಣವೊಂದಿದೆ. ಪಕ್ಷಕ್ಕೋ ತಿಂಗಳಿಗೋ ಒಮ್ಮೆ, ಗೊತ್ತಾದ ದಿನದಂದು, ಸರಸ್ವತಿಯ ಭವನದಲ್ಲಿ ಸಮಾಜ ಸೇರಬೇಕು. ಹೊರಗಿನಿಂದ ಬಂದ ಕಲಾವಿದರು ತಮ್ಮ ಪ್ರದರ್ಶನವನ್ನು ತೋರಬೇಕು. ಎರಡನೆಯ ದಿನ ಅವರಿಗೆ ಸಂಭಾವನೆ ಸಲ್ಲಬೇಕು. ಆಮೇಲೆ ಮನಸ್ಸಿದ್ದರೆ ಮತ್ತೆ ನೋಡಬಹುದು, ಇಲ್ಲವಾದರೆ ಬೀಳ್ಕೊಡಬಹುದು. ಇದು ಇಪ್ಪತ್ತನೆಯ ಶತಮಾನದ ಯಾವುದೋ ಫಿಲ್ಮ್ ಸೊಸೈಟಿಯ ನಿಯಮಾವಳಿಯಂತೆ ಓದಿಸಿಕೊಳ್ಳುತ್ತದೆ.

ಅದೇ ಪ್ರಕರಣದಲ್ಲಿ ಸಮಾಜದಿಂದ ಬೇರೆಯಾಗಿ ‘ಗೋಷ್ಠಿ’ಯ ಪ್ರಸ್ತಾಪವಿದೆ. ಸಮಾಜದಲ್ಲಿ ನೋಡುವುದು ಮುಖ್ಯ, ಗೋಷ್ಠಿಯಲ್ಲಿ ಮಾತು ಮುಖ್ಯ. ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸುಗಳಲ್ಲಿ ಸಮಾನರಾದವರು ಒಂದೆಡೆ ಕುಳಿತು ಕಾವ್ಯವನ್ನೂ ಕಲೆಯನ್ನೂ ಕುರಿತು ವಿಚಾರ ಮಾಡುವುದು ಗೋಷ್ಠಿ. ಅಲ್ಲಿ ಮಾತು ಪೂರ್ತಿ ಸಂಸ್ಕೃತದಲ್ಲೂ ಇರಬಾರದು, ಪೂರ್ತಿ ದೇಶಭಾಷೆಯಲ್ಲೂ ಇರಬಾರದು ಎಂಬ ಸೂಚನೆಯನ್ನು ವಾತ್ಸ್ಯಾಯನ ಕೊಡುತ್ತಾನೆ. ಬೆಂಗಳೂರಿನ ಹೊರವಲಯಗಳಲ್ಲಿ, ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಪೀಣ್ಯದಲ್ಲಿ ವಾರಾಂತ್ಯದ ಸಿನಿಮಾ ಕೂಟಗಳ ಸಂಗತಿಯನ್ನು ವಿಚಾರಿಸಹೊರಟಾಗ ಸಮಾಜ–ಗೋಷ್ಠಿಗಳ ಈ ಹಳೆಯ ಭೇದ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಸಮಾಜಕ್ಕೆ ಕೊರತೆಯಿಲ್ಲ. ಗೋಷ್ಠಿ ಎಲ್ಲಿ, ಮತ್ತು ಅದು ಯಾವ ಭಾಷೆಯಲ್ಲಿ ಎಂಬುದು ಪ್ರಶ್ನೆ.

ಭಾರತದಲ್ಲಿ ಫಿಲ್ಮ್ ಸೊಸೈಟಿ ಚಳವಳಿಯ ಚರಿತ್ರೆ ಸಾಹಿತ್ಯ ವಿದ್ಯಾರ್ಥಿಗಳಿಗೆ ಸ್ಥೂಲವಾಗಿ ಪರಿಚಿತ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. 1959ರಲ್ಲಿ ಇಂತಹ ಸಂಘಗಳ ಒಕ್ಕೂಟ ರಚಿತವಾಯಿತು. ರಾಯ್ ಅದರ ಅಧ್ಯಕ್ಷರಾದರು. ಬೆಂಗಳೂರಿನಲ್ಲಿ 1971ರಲ್ಲಿ ಎಚ್. ಎನ್. ನರಹರಿ ರಾವ್ ಮೊದಲಾದವರ ಶ್ರಮದಿಂದ ‘ಸುಚಿತ್ರಾ’ ಹುಟ್ಟಿತು. ಮುಂದೆ ಬನಶಂಕರಿ ಎರಡನೆಯ ಹಂತದಲ್ಲಿ ಸ್ವಂತ ಸಭಾಂಗಣವನ್ನೇ ಕಟ್ಟಿಕೊಂಡಿತು. ಕನ್ನಡದ ಹೊಸ ಅಲೆಯ ಕಾಲವೂ ಇದೇ. 1970ರ ‘ಸಂಸ್ಕಾರ’ದಿಂದ 1977ರ ‘ಘಟಶ್ರಾದ್ಧ’ದವರೆಗಿನ ಏಳು ವರ್ಷಗಳಲ್ಲಿ ಮೂರು ಕನ್ನಡ ಚಿತ್ರಗಳು ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆದವು (ನಡುವಿನದು 1975ರ ‘ಚೋಮನ ದುಡಿ’). ಚಿತ್ರ ಮಾಡುವವರೂ ಅದನ್ನು ನೋಡಬಲ್ಲವರೂ ಒಟ್ಟಿಗೆ ತಯಾರಾದ ಅಪರೂಪದ ದಶಕವದು.

ಈ ಸಂಘಗಳ ಕಾರ್ಯವಿಧಾನವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಫಿಲ್ಮ್ ಸೊಸೈಟಿಯಲ್ಲಿ ಟಿಕೆಟ್ ಇಲ್ಲ, ಇರುವುದು ಸದಸ್ಯತ್ವ. ಸದಸ್ಯನು ಒಂದು ಚಿತ್ರಕ್ಕೆ ಹಣ ಕೊಡುವುದಿಲ್ಲ, ಒಂದು ವರ್ಷದ ನೋಟಕ್ಕೆ ಕೊಡುತ್ತಾನೆ. ಈ ವಾರದ ಚಿತ್ರ ಅವನಿಗೆ ಹಿಡಿಸದಿರಬಹುದು, ಬರುವ ವಾರದ್ದು ಅರ್ಥವೇ ಆಗದಿರಬಹುದು. ಆದರೂ ಬರುತ್ತಾನೆ, ಏಕೆಂದರೆ ವರ್ಷದ ಹಣ ಸಂದಾಯವಾಗಿದೆ. ಅರ್ಥವಾಗದ್ದನ್ನು ಸಹಿಸುವ ಸಂಸ್ಕಾರ ಹೀಗೆ ಒಂದು ಲೆಕ್ಕಪತ್ರದ ವ್ಯವಸ್ಥೆಯಿಂದ ಹುಟ್ಟಿತೆಂದರೆ ಅತಿಶಯೋಕ್ತಿಯಲ್ಲ. ಚಿತ್ರಗಳು ಬರುತ್ತಿದ್ದುದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಿಂದ, ಒಕ್ಕೂಟದಿಂದ, ವಿದೇಶೀ ರಾಯಭಾರ ಕಚೇರಿಗಳಿಂದ, ಬಹುಪಾಲು ಹದಿನಾರು ಮಿಲಿಮೀಟರಿನ ರೀಲುಗಳ ರೂಪದಲ್ಲಿ. ಆ ಅಳತೆಯ ಫಿಲ್ಮು ನಿಮಿಷಕ್ಕೆ 36 ಅಡಿಯಂತೆ ಓಡುತ್ತದೆ. 1600 ಅಡಿಯ ದೊಡ್ಡ ಸುರುಳಿಯೂ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ಸುರುಳಿ ಬದಲಿಸುವಾಗ ದೀಪ ಹತ್ತಲೇಬೇಕಿತ್ತು. ಆ ಕೆಲವು ನಿಮಿಷ ಪಕ್ಕದವನ ಮುಖ ಕಾಣಿಸುತ್ತಿತ್ತು. ಮಾತು ಮೊದಲಾಗುತ್ತಿದ್ದುದು ಅಲ್ಲಿಯೇ.

ಚಳವಳಿಯನ್ನು ಕುರಿತ ಸ್ಮರಣಸಂಚಿಕೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. ಸದಸ್ಯರಿಗೆ ಮಾತ್ರ ತೋರಿಸುವ ಚಿತ್ರಗಳಿಗೆ 1960ರ ದಶಕದಲ್ಲಿ ಸೆನ್ಸಾರಿನಿಂದ ವಿನಾಯಿತಿ ದೊರೆಯಿತು. ದೇಶದ ಎಲ್ಲೆಡೆ ಸದಸ್ಯರ ಸಂಖ್ಯೆ ಏರಿದ್ದಕ್ಕೆ ಬರ್ಗ್‌ಮನ್ ಒಬ್ಬನೇ ಕಾರಣನಲ್ಲ; ಕತ್ತರಿ ಬೀಳದ ದೃಶ್ಯಗಳ ಆಸೆಯೂ ಕಾರಣ. ಹಾಗೆ ಬಂದವರಲ್ಲಿ ಹಲವರು ನಿರಾಶರಾಗಿ ಹೋದರು, ಕೆಲವರು ಉಳಿದರು. ಉಳಿದವರು ಏನು ನೋಡಿ ಉಳಿದರು ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ಅಶೋಕನ ಸಂದೇಹವೂ ಅವನ ವಿನಾಯಿತಿಯೂ ಎರಡೂ ಇಲ್ಲಿ ಅನ್ವಯಿಸುತ್ತವೆ.

ಬೆಂಗಳೂರಿನಿಂದ ದೂರ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1973ರಲ್ಲಿ ಆರಂಭವಾದ ನೀನಾಸಮ್ ಚಿತ್ರಸಮಾಜವನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ‘ಸೊಸೈಟಿ’ಗೆ ಸಂಘವೆಂದೋ ಮಂಡಳಿಯೆಂದೋ ಹೇಳದೆ ‘ಸಮಾಜ’ವೆಂದು ಕರೆದದ್ದು ಸರಳವಾದ ಅನುವಾದವೇ ಇರಬಹುದು, ಆದರೆ ಅದರಿಂದ ಪದದ ಅತಿ ಪ್ರಾಚೀನವಾದ ಅರ್ಥ ತಾನಾಗಿ ಮರಳಿ ಬಂತು. ಕೆ. ವಿ. ಸುಬ್ಬಣ್ಣನವರ ಎದುರಿಗೆ ಇದ್ದದ್ದು ನಗರದ ಸೊಸೈಟಿಗಳಿಗೆ ಎದುರಾಗದಿದ್ದ ಸಮಸ್ಯೆ. ಬೆಂಗಳೂರಿನ ಸದಸ್ಯ ಇಂಗ್ಲಿಷಿನ ಅಡಿಬರಹವನ್ನು ಓದಿಕೊಂಡು ಇಂಗ್ಲಿಷಿನಲ್ಲೇ ಚರ್ಚಿಸಬಲ್ಲವನಾಗಿದ್ದ. ಅಡಿಕೆ ತೋಟದ ಕೆಲಸ ಮುಗಿಸಿ ಬಂದವನಿಗೆ ಅಕಿರಾ ಕುರೊಸಾವಾನನ್ನು ತೋರಿಸಬೇಕಾದರೆ ಮಾತು ಕನ್ನಡದಲ್ಲೇ ಆಗಬೇಕು. ಹಾಗೆ ಆಗಬೇಕಾದರೆ ಕನ್ನಡದಲ್ಲಿ ಆ ಮಾತು ಇರಬೇಕು. ಅಕ್ಷರ ಪ್ರಕಾಶನದಿಂದ ಸಿನಿಮಾ ಕುರಿತ ಪುಸ್ತಕಗಳು ಬಂದದ್ದೂ, ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದದ್ದೂ, 1980ರ ದಶಕದ ಮೊದಲರ್ಧದಲ್ಲಿ ‘ಜನಸ್ಪಂದನ’ ಯೋಜನೆಯ ಮೂಲಕ ಅದೇ ಕೆಲಸ ಬೇರೆ ಊರುಗಳಿಗೆ ಹಬ್ಬಿದ್ದೂ ಈ ಅಗತ್ಯದಿಂದಲೇ.

ಪದಗಳ ಕಡೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ‘ಸಂಕಲನ’, ‘ಛಾಯಾಗ್ರಹಣ’, ‘ಚಿತ್ರಕಥೆ’ಗಳು ಉದ್ಯಮದ ಶೀರ್ಷಿಕೆಪಟ್ಟಿಯಲ್ಲೇ ಬಳಕೆಗೆ ಬಂದಿದ್ದವು. ‘ಶಾಟ್’ಗೆ ‘ಚಿತ್ರಿಕೆ’ ಎಂಬ ಸೊಗಸಾದ ಪದ ಬಂತು. ವಿಮರ್ಶೆಯಲ್ಲಿ ನಿಂತಿತು, ಮಾತಿನಲ್ಲಿ ನಿಲ್ಲಲಿಲ್ಲ. ‘ರಸಗ್ರಹಣ’ವಾದರೋ ಬೇರೆಯೇ ಸಂಗತಿ. ಇಂಗ್ಲಿಷಿನ ಮೂಲಪದದಲ್ಲಿ ಬೆಲೆ ಕಟ್ಟುವುದೆಂಬ ಧ್ವನಿಯಿದೆ. ರಸಗ್ರಹಣದಲ್ಲಿ ಬೆಲೆ ಕಟ್ಟುವವನಿಲ್ಲ, ಗ್ರಹಿಸುವ ಸಹೃದಯನಿದ್ದಾನೆ. ಒಂದು ಪದವನ್ನು ಆರಿಸಿಕೊಂಡ ಮಾತ್ರಕ್ಕೆ ಭರತನಿಂದ ಅಭಿನವಗುಪ್ತನವರೆಗಿನ ಕಾವ್ಯಮೀಮಾಂಸೆ ಪ್ರೊಜೆಕ್ಟರಿನ ಪಕ್ಕದಲ್ಲಿ ಬಂದು ಕುಳಿತಿತು. ಇದರಿಂದ ಲಾಭವೆಷ್ಟೋ ತೊಡಕೂ ಅಷ್ಟೇ ಆಯಿತೆನ್ನಬೇಕು. ರಸದ ಪರಿಭಾಷೆಯಲ್ಲಿ ರಾಯ್ ಒಳಗೊಳ್ಳುತ್ತಾನೆ. ಗೊದಾರ್ ಅಷ್ಟು ಸುಲಭವಾಗಿ ಒಳಗೊಳ್ಳುವುದಿಲ್ಲ.

ಚಿತ್ರ ನೋಡುವುದನ್ನು ಕಲಿಯಬೇಕೆ, ಕಣ್ಣಿದ್ದರೆ ಸಾಲದೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಇದಕ್ಕೆ ಕನ್ನಡದ ಆದಿಕವಿಯ ಕಾವ್ಯದಲ್ಲೇ ಒಂದು ಉತ್ತರವಿದೆ. ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಓದದ ಕನ್ನಡ ವಿದ್ಯಾರ್ಥಿಯಿಲ್ಲ. ಆದಿದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ನೃತ್ಯದ ನಡುವೆಯೇ ಮುಗಿಯುತ್ತದೆ. ರಸಭಂಗವಾಗದಂತೆ ಇಂದ್ರನು ಅದೇ ಕ್ಷಣದಲ್ಲಿ ಅವಳಂಥವಳೇ ಆದ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ನೃತ್ಯ ಮುಂದುವರಿಯುತ್ತದೆ, ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನೊಬ್ಬನಿಗೆ ತಿಳಿಯುತ್ತದೆ. ಈ ಪ್ರಸಂಗದ ತಾತ್ಪರ್ಯ ವೈರಾಗ್ಯ ಎಂಬುದು ನಿಜ; ಅದನ್ನು ತಿರುಚಬೇಕಾಗಿಲ್ಲ. ಆದರೆ ನೋಟದ ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಸಂಕಲನದ ವರ್ಣನೆಯೂ ಹೌದು. ಸೆಕೆಂಡಿಗೆ ಇಪ್ಪತ್ತನಾಲ್ಕು ಸ್ಥಿರಚಿತ್ರಗಳು ಒಂದರ ಜಾಗದಲ್ಲಿ ಇನ್ನೊಂದಾಗಿ ನಿಲ್ಲುತ್ತವೆ. ನಡುವಿನ ಕತ್ತಲೆ ಕಾಣುವುದಿಲ್ಲ. ಒಂದು ಚಿತ್ರಿಕೆ ಮುಗಿದು ಇನ್ನೊಂದು ಬಂದರೂ ಸಭೆ ಅದೇ ನೃತ್ಯವೆಂದು ನಂಬುತ್ತದೆ. ಕಡಿತವನ್ನು ಕಂಡವನ ನೋಟ ಸಭೆಯ ನೋಟದಿಂದ ಬೇರೆಯಾಗುತ್ತದೆ. ಫಿಲ್ಮ್ ಸೊಸೈಟಿಯ ಚರ್ಚೆಗಳು ಮಾಡಿದ್ದು ಮುಖ್ಯವಾಗಿ ಇದನ್ನು: ಅಲ್ಲಿ ಒಂದು ಕಡಿತವಿತ್ತು, ನೀನು ಗಮನಿಸಿದೆಯಾ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವುದು.

ದೂರದರ್ಶನ 1982ರಲ್ಲಿ ಬಣ್ಣಕ್ಕೆ ತಿರುಗಿದ ಮೇಲೆ, ವಿಡಿಯೊ ಕ್ಯಾಸೆಟ್ಟು ಮನೆಗೆ ಬಂದ ಮೇಲೆ ಸಂಘಗಳು ಸೊರಗಿದವು. ಈ ಕಥೆ ಎಲ್ಲೆಡೆ ಒಂದೇ.

ಇನ್ನು ಹೊರವಲಯಗಳ ಕಡೆಗೆ. ಇವು ಮೂರೂ ಒಂದೇ ಬಗೆಯ ಪ್ರದೇಶಗಳಲ್ಲ. ವೈಟ್‌ಫೀಲ್ಡ್ ಮೂಲತಃ 1882ರ ಆಂಗ್ಲೊ-ಇಂಡಿಯನ್ ವಸಾಹತು; 1990ರ ದಶಕದಲ್ಲಿ ಐಟಿಪಿಎಲ್ ಬಂದ ಮೇಲೆ ಅದರ ರೂಪ ಬದಲಾಯಿತು. ಎಲೆಕ್ಟ್ರಾನಿಕ್ ಸಿಟಿ ಆರ್. ಕೆ. ಬಾಳಿಗರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1970ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಪೀಣ್ಯವೂ ಹೆಚ್ಚುಕಡಿಮೆ ಅದೇ ಕಾಲದ್ದು. ಆದರೆ ಅಲ್ಲಿ ಇಂದಿಗೂ ಸದ್ದು ಮಾಡುವುದು ಲೇತ್ ಯಂತ್ರ ಮತ್ತು ಹೊಲಿಗೆ ಯಂತ್ರ. ಅದರ ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು 1950ರ ದಶಕದಲ್ಲೇ ನೆಲೆಯೂರಿದ್ದವು. ಕನ್ನಡ ಸಂಘಗಳು, ಹವ್ಯಾಸಿ ನಾಟಕಗಳು, ರಾಜ್ಯೋತ್ಸವದ ಸಂಚಿಕೆಗಳು ಆ ಸಾರ್ವಜನಿಕ ಉದ್ದಿಮೆಗಳ ಜೀವನದ ಅಂಗವಾಗಿದ್ದವು. ಪಾಳಿ ಮುಗಿಸಿದ ಕಾರ್ಮಿಕ ಬಸ್ಸು ಹಿಡಿದು ಮೆಜೆಸ್ಟಿಕ್ಕಿನ ಚಿತ್ರಮಂದಿರಕ್ಕೆ ಹೋಗುತ್ತಿದ್ದ. ‘ಕಪಾಲಿ’ಯಂಥ ಬೃಹತ್ ಚಿತ್ರಮಂದಿರಗಳು ತುಂಬುತ್ತಿದ್ದುದು ಇಂಥವರಿಂದ. ಕಪಾಲಿ ಇಂದು ಇಲ್ಲ.

ಈಗಿನ ವಾರಾಂತ್ಯದ ಕೂಟದ ಸ್ವರೂಪ ಹೀಗಿರುತ್ತದೆ. ಒಂದು ವಸತಿ ಸಮುಚ್ಚಯದವರೋ, ಒಂದು ಕಂಪನಿಯವರೋ, ಪರಸ್ಪರ ಪರಿಚಯವೇ ಇಲ್ಲದೆ ಮೊಬೈಲಿನ ಗುಂಪೊಂದರಲ್ಲಿ ಸೇರಿದವರೋ ಗುರುವಾರದ ಹೊತ್ತಿಗೆ ಯಾವ ಚಿತ್ರವೆಂದು ಮತ ಹಾಕುತ್ತಾರೆ. ಶನಿವಾರ ಮಾಲಿನ ಬಾಗಿಲಲ್ಲಿ ಸೇರುತ್ತಾರೆ, ನೋಡುತ್ತಾರೆ, ಮೇಲಿನ ಅಂತಸ್ತಿನಲ್ಲಿ ಊಟ ಮಾಡುತ್ತಾರೆ, ಚೆದುರುತ್ತಾರೆ. ಊರು ಬಿಟ್ಟು ಬಂದವನಿಗೆ ಇದು ಸಣ್ಣ ಸಂಗತಿಯಲ್ಲ. ವಾರವಿಡೀ ಪರದೆಯ ಮುಂದೆ ಒಂಟಿಯಾಗಿ ಕುಳಿತವನು ಶನಿವಾರ ಇನ್ನೊಂದು ಪರದೆಯ ಮುಂದೆ ಹನ್ನೆರಡು ಜನರ ಜೊತೆ ಕುಳಿತುಕೊಳ್ಳುವುದನ್ನು ಹಾಸ್ಯ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಚಿತ್ರವು ಇಲ್ಲಿ ನೆಪ, ಸಾಂಗತ್ಯವೇ ಉದ್ದೇಶ. ವಾತ್ಸ್ಯಾಯನನೂ ಕ್ರೀಡೆಯೇ ಪ್ರಧಾನವಾದ, ಯಾರಿಗೂ ಕೇಡು ಬಗೆಯದ ಗೋಷ್ಠಿಯನ್ನು ಮೆಚ್ಚಿದವನು.

ಆದರೆ ಮತ ಹಾಕಿ ಆರಿಸುವ ಕ್ರಮದಲ್ಲಿ ಕನ್ನಡ ಚಿತ್ರ ಸಾಮಾನ್ಯವಾಗಿ ಸೋಲುತ್ತದೆ. ಗುಂಪಿನಲ್ಲಿ ಹಿಂದಿ, ತೆಲುಗು, ತಮಿಳು, ಮಲಯಾಳಂ, ಬಂಗಾಳಿಗಳೆಲ್ಲ ಇರುವಾಗ ಎಲ್ಲರಿಗೂ ತಿಳಿಯುವ ಚಿತ್ರ ಗೆಲ್ಲುವುದು ಸಹಜ. ಕನ್ನಡಿಗ ಸದಸ್ಯ ಸೌಜನ್ಯದಿಂದ ಸುಮ್ಮನಾಗುತ್ತಾನೆ. ಈ ಸೌಜನ್ಯವನ್ನು ಕುರಿತು ಸ್ವಲ್ಪ ಕಟುವಾಗಿಯೇ ಹೇಳಬೇಕು: ಅದರಲ್ಲಿ ಅರ್ಧ ಔದಾರ್ಯ, ಇನ್ನರ್ಧ ತನ್ನ ಭಾಷೆಯ ಚಿತ್ರವನ್ನು ವಿವರಿಸಲು ಪದಗಳಿಲ್ಲವೆಂಬ ಅಳುಕು. ಇದಕ್ಕೆ ಅಪವಾದಗಳಿಲ್ಲದಿಲ್ಲ. 2013ರ ‘ಲೂಸಿಯಾ’ ಚಿತ್ರಕ್ಕಾಗಿ ಪವನ್ ಕುಮಾರ್ ಅಂತರ್ಜಾಲದಲ್ಲಿ ಕರೆ ಕೊಟ್ಟಾಗ 27 ದಿನಗಳಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಸೇರಿತು. ಪ್ರೇಕ್ಷಕನು ಚಿತ್ರ ಹುಟ್ಟುವ ಮೊದಲೇ ಅದರ ಸದಸ್ಯನಾದದ್ದು ಹಳೆಯ ಫಿಲ್ಮ್ ಸೊಸೈಟಿಯ ತತ್ತ್ವದ ವಿಲಕ್ಷಣವಾದ ಮರುಹುಟ್ಟು.

ಕನ್ನಡಿಗನು ವಿವರಿಸಬೇಕಾಗಿ ಬಂದರೆ ಏನಾಗುತ್ತದೆ? ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನೇ ತೆಗೆದುಕೊಳ್ಳಬಹುದು. ಪುನರುಜ್ಜೀವನಗೊಂಡ ಅದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದನ್ನು ವೈಟ್‌ಫೀಲ್ಡಿನ ಕೂಟವೊಂದರಲ್ಲಿ ಲಕ್ನೋದವನೂ ಕೊಟ್ಟಾಯಂನವಳೂ ನೋಡಿದರೆಂದು ಭಾವಿಸೋಣ. ಶೀರ್ಷಿಕೆಯ ಅರ್ಥವೇನು ಎಂಬುದು ಅವರ ಮೊದಲ ಪ್ರಶ್ನೆಯಾಗಿರುತ್ತದೆ. ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡುವುದು, ಜಾತಿಯಿಂದ ಹೊರಗೆ ಹಾಕುವುದು, ಮಡಕೆ ಒಡೆಯುವುದು ಎಂದು ಹೇಳುತ್ತ ಹೋದಂತೆ ಉತ್ತರ ಕೊಡುವವನಿಗೆ ತಿಳಿಯುವುದು, ಈ ಪದವನ್ನು ತಾನು ಇದುವರೆಗೆ ಬರಿಯ ಶೀರ್ಷಿಕೆಯಾಗಿ ಬಲ್ಲೆನೇ ಹೊರತು ಕ್ರಿಯೆಯಾಗಿ ಅಲ್ಲ ಎಂಬುದು. ಅವಳ ತಂದೆಯೇ ಇದನ್ನು ಮಾಡುತ್ತಾನೆಯೆ ಎಂಬುದು ಎರಡನೆಯ ಪ್ರಶ್ನೆ. ಅಲ್ಲಿಂದ ಮುಂದಿನದು ಚರ್ಚೆ. ಇದು ಪೂರ್ತಿ ಕನ್ನಡದಲ್ಲಿ ನಡೆಯಲಾರದು, ನಡೆಯಬೇಕಾಗಿಯೂ ಇಲ್ಲ. ಆದರೆ ಕನ್ನಡದ ಕೆಲವು ಪದಗಳು ಅನುವಾದವಾಗದೆ ಆ ಮೇಜಿನ ಮೇಲೆ ಉಳಿಯಬೇಕು. ಪೂರ್ತಿ ಸಂಸ್ಕೃತವೂ ಅಲ್ಲ, ಪೂರ್ತಿ ದೇಶಭಾಷೆಯೂ ಅಲ್ಲ ಎಂದವನ ಸಲಹೆಯಲ್ಲಿ ದೇಶಭಾಷೆಯ ಪಾಲು ಸೊನ್ನೆಯಾಗಬಹುದೆಂಬ ಸೂಚನೆಯೇನೂ ಇಲ್ಲ.

ವಾತ್ಸ್ಯಾಯನನ ಇನ್ನೊಂದು ನಿಯಮ ಈ ಕೂಟಗಳಿಗೆ ಅಗತ್ಯಕ್ಕಿಂತ ಹೆಚ್ಚಾಗಿಯೇ ಒಪ್ಪುತ್ತದೆ: ವಿತ್ತದಲ್ಲಿ ಸಮಾನರಾಗಿರಬೇಕೆಂಬುದು. ಮಲ್ಟಿಪ್ಲೆಕ್ಸಿನ ಟಿಕೆಟ್ಟೇ ಈ ಸಮಾನತೆಯನ್ನು ಬಾಗಿಲಲ್ಲಿ ಪರೀಕ್ಷಿಸುತ್ತದೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಗಳ ಮಿತಿ ಹಾಕಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯಲ್ಲಿ ವಾರಕ್ಕೆ ಆರು ದಿನ ದುಡಿಯುವ ಹೆಣ್ಣುಮಗಳಿಗೆ ಆ ಮಿತಿಯ ಬೆಲೆಯೂ ದುಬಾರಿಯೇ. ಅವಳ ಭಾನುವಾರ ನೀರು ಹಿಡಿಯುವುದರಲ್ಲಿ, ಬಟ್ಟೆ ಒಗೆಯುವುದರಲ್ಲಿ ಕಳೆಯುತ್ತದೆ; ಅವಳ ಸಿನಿಮಾ ಅಂಗೈಯಗಲದ ಮೊಬೈಲಿನಲ್ಲಿ, ತುಣುಕು ತುಣುಕಾಗಿ ನಡೆಯುತ್ತದೆ. ಆ ಕೋಣೆಯಲ್ಲಿ ನಾಲ್ವರಿರುತ್ತಾರೆ, ನಾಲ್ಕು ಮೊಬೈಲುಗಳಿರುತ್ತವೆ. ಹೆಗ್ಗೋಡಿನ ತೋಟದ ಕೆಲಸಗಾರನಿಗೆ 1970ರ ದಶಕದಲ್ಲಿ ದೊರೆತ ಚಿತ್ರಸಮಾಜ ರಾಜಧಾನಿಯ ಕೈಗಾರಿಕಾ ಪ್ರದೇಶದ ಕೆಲಸಗಾರಳಿಗೆ ಅರ್ಧ ಶತಮಾನದ ಮೇಲೂ ದೊರೆಯದಿರುವುದು, ಚಳವಳಿಯ ಬಗ್ಗೆ ಬರೆಯುವವರು ಎದುರಿಸಬೇಕಾದ ಸಂಗತಿ. ನಗರದ ಸೊಸೈಟಿಗಳು ಆಗಲೂ ಮಧ್ಯಮವರ್ಗದ ಬಡಾವಣೆಗಳನ್ನು ದಾಟಿ ಹೋದದ್ದು ಕಡಿಮೆ. ಬನಶಂಕರಿಯಿಂದ ಪೀಣ್ಯ ಆಗ ಬಹಳ ದೂರ.

ಸಂಶೋಧಕರಿಗೆ ಸಂಬಂಧಿಸಿದ ಮಾತೊಂದಿದೆ. ಹಳೆಯ ಸಂಘಗಳು ಕಾಗದವನ್ನು ಬಿಟ್ಟುಹೋದವು. ಸೈಕ್ಲೋಸ್ಟೈಲ್ ಮಾಡಿದ ಚಿತ್ರಪರಿಚಯದ ಹಾಳೆಗಳು, ಮಾಸಿಕ ಕಾರ್ಯಕ್ರಮದ ಅಂಚೆಕಾರ್ಡುಗಳು, ಸದಸ್ಯರ ಪಟ್ಟಿಗಳು ಇಂದಿಗೂ ಯಾರದೋ ಮನೆಯ ಅಟ್ಟದಲ್ಲಿ ಸಿಗುತ್ತವೆ. ಕನ್ನಡ ಚಲನಚಿತ್ರ ವಿಮರ್ಶೆಯ ಚರಿತ್ರೆಯನ್ನು ಬರೆಯುವವನಿಗೆ ಇವು ಓಲೆಗರಿಗಳಿದ್ದಂತೆ. ಒಂದು ಪದ ಯಾವ ವರ್ಷ ಮೊದಲು ಬಳಕೆಯಾಯಿತು ಎಂಬುದನ್ನು ನಿರ್ಧರಿಸಲು ಬೇರೆ ಆಕರ ಕಷ್ಟ. ಇವುಗಳನ್ನು ಸಂಗ್ರಹಿಸಿ ಅಂಕೀಕರಿಸುವ ಕೆಲಸವನ್ನು ಯಾವುದಾದರೂ ಕನ್ನಡ ಅಧ್ಯಯನ ವಿಭಾಗ ಈಗಲೇ ಕೈಗೆತ್ತಿಕೊಳ್ಳಬೇಕು; ಆ ಪೀಳಿಗೆಯ ಸದಸ್ಯರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಇಂದಿನ ಕೂಟದ ಮಾತಾದರೋ ಮೊಬೈಲಿನ ಗುಂಪಿನಲ್ಲಿ ನಡೆಯುತ್ತದೆ. ಚಿತ್ರ ಮುಗಿದ ರಾತ್ರಿ ಒಬ್ಬಳು ಬರೆದ ನಾಲ್ಕು ಒಳ್ಳೆಯ ಸಾಲು ಬೆಳಗಿನ ಹೊತ್ತಿಗೆ ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಮೊಬೈಲು ಬದಲಿಸಿದ ದಿನ ಅದೂ ಇಲ್ಲ.

ಸುಚಿತ್ರಾದಲ್ಲಿ ಇಂದಿಗೂ ಪ್ರದರ್ಶನಗಳೂ ಚರ್ಚೆಗಳೂ ನಡೆಯುತ್ತವೆ. ಪೀಣ್ಯದಿಂದ ಬನಶಂಕರಿಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಎಲ್ಲಿಯೂ ಇಳಿದು ಹತ್ತಬೇಕಾಗಿಲ್ಲ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗ ತೆರೆದಿದೆ, ಆರ್. ವಿ. ರಸ್ತೆಯಲ್ಲಿ ಬದಲಿಸಿದರೆ ಬನಶಂಕರಿ ಮುಂದಿನ ನಿಲ್ದಾಣವೇ. ವೈಟ್‌ಫೀಲ್ಡಿನವರು ಮಾತ್ರ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಅಲ್ಲಿ ಹಸಿರಿಗೆ ಬದಲಾಗಬೇಕು. ಹಿಂತಿರುಗುವ ದಾರಿ ದೀರ್ಘವಾದುದರಿಂದ ಚರ್ಚೆ ಮುಗಿಯುವ ಮೊದಲೇ ಅವರು ಏಳಬೇಕಾದೀತು. ಎದ್ದವರು ಇಬ್ಬರಾದರೂ ಇದ್ದರೆ ಉಳಿದ ಮಾತನ್ನು ರೈಲಿನಲ್ಲಿ ಮುಂದುವರಿಸಬಹುದು.